ಓದಿನ ಗ್ರಹಿಕೆ ವಿಜ್ಞಾನ ತರಗತಿಯ ಕೆಲಸವೂ ಹೌದು

ಪದವಿ ಮುಗಿಸಿ ಉನ್ನತ ವ್ಯಾಸಂಗಕ್ಕೆ ಹೋಗಬಯಸುವವರು ಬರೆಯುವ ಹಲವು ಪ್ರವೇಶ ಪರೀಕ್ಷೆಗಳಲ್ಲಿ ‘ವರ್ಬಲ್’ ಎಂಬ ವಿಭಾಗವಿರುತ್ತದೆ. ಕೊಟ್ಟ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸುವುದು ಅದರ ದೊಡ್ಡ ಪಾಲು. ವಿಜ್ಞಾನ ಪದವೀಧರರಾದ ನಮ್ಮಲ್ಲಿ ಹಲವರಿಗೆ ಈ ವಿಭಾಗವೆಂದರೆ ಅಳುಕು. ಗಣಿತದ ಪ್ರಶ್ನೆಗಳನ್ನು ನಿರಾಳವಾಗಿ ಬಿಡಿಸುವವರೂ ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ಹಾಸ್ಟೆಲಿನ ನನ್ನ ಸಹಪಾಠಿಯೊಬ್ಬಳು ಭೌತಶಾಸ್ತ್ರದಲ್ಲಿ ನಮ್ಮೆಲ್ಲರಿಗಿಂತ ಮುಂದಿರುವವಳು. ಎಂ.ಎಸ್. ಮಾಡಲು ಅರ್ಜಿ ಹಾಕಬೇಕಾದ ವಿಶ್ವವಿದ್ಯಾಲಯಗಳ ಪಟ್ಟಿ ಮಾಡುವಾಗ ಜಿಆರ್‌ಇ ಅಂಕ ಕೇಳುವವನ್ನೆಲ್ಲ ಅವಳು ಮೊದಲೇ ಹೊಡೆದುಹಾಕಿದಳು. “ಆ ಪ್ಯಾರಾ ಓದಿ ಮುಗಿಸೋದ್ರೊಳಗೆ ಟೈಮೇ ಮುಗಿದಿರತ್ತೆ ಕಣೇ” ಎಂದಳು.

ಈ ಅಳುಕಿಗೆ ನಾವು ಕೊಟ್ಟುಕೊಳ್ಳುವ ಕಾರಣಗಳು ಎರಡು: ನಮಗೆ ಇಂಗ್ಲಿಷ್ ಸಾಲದು, ನಮಗೆ ಕಠಿಣ ಪದಗಳು ಗೊತ್ತಿಲ್ಲ. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡಕ್ಕಿಂತ ದೊಡ್ಡದಾದ ಮೂರನೆಯ ಕಾರಣವೊಂದಿದೆ, ಮತ್ತು ಅದರ ಹೊಣೆ ಶಿಕ್ಷಕರದು ಎಂಬುದು ನನ್ನ ಅಭಿಪ್ರಾಯ. ಹೈಸ್ಕೂಲಿನಿಂದ ಪದವಿಯವರೆಗೆ ವಿಜ್ಞಾನದ ತರಗತಿಯಲ್ಲಿ ಒಂದು ಪ್ಯಾರಾವನ್ನು ತಾನೇ ಓದಿ, ಇಲ್ಲಿ ಲೇಖಕರು ಏನನ್ನು ವಾದಿಸುತ್ತಿದ್ದಾರೆ, ಯಾವ ಆಧಾರದ ಮೇಲೆ ವಾದಿಸುತ್ತಿದ್ದಾರೆ ಎಂದು ಹೇಳುವ ಕೆಲಸವನ್ನು ವಿದ್ಯಾರ್ಥಿಗೆ ನಾವು ಕೊಡುವುದೇ ಇಲ್ಲ. ಹಾಗೆ ಬೆಳೆದವರಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪರೀಕ್ಷೆ ಅದೇ ಕೆಲಸವನ್ನು ಕೊಡುತ್ತದೆ, ಅದೂ ಗಡಿಯಾರ ಇಟ್ಟು.

ಪರೀಕ್ಷೆ ಕೇಳುವುದು ಏನನ್ನು?

ಜಿಆರ್‌ಇಯನ್ನೇ ತೆಗೆದುಕೊಳ್ಳೋಣ. ಇದನ್ನು ನಡೆಸುವುದು ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆ. 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಕಿರು ರೂಪದಲ್ಲಿ ವರ್ಬಲ್ ಭಾಗಕ್ಕೆ ಎರಡು ವಿಭಾಗಗಳಿವೆ. ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಅಂದರೆ ಗದ್ಯಭಾಗ ಓದುವ ಸಮಯವೂ ಸೇರಿ ಪ್ರಶ್ನೆಗೆ ಸುಮಾರು ಒಂದೂವರೆ ನಿಮಿಷ. ಅಂಕಗಳು 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸುಮಾರು ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗಗಳ ಮೇಲೆ. ಉಳಿದವು ಬಿಟ್ಟ ಸ್ಥಳ ತುಂಬುವುದು ಮತ್ತು ಸಮಾನ ಅರ್ಥ ಕೊಡುವ ಎರಡು ಪದಗಳನ್ನು ಆರಿಸುವುದು. ನಮ್ಮ ದೇಶದ ಐಐಎಂಗಳ ಕ್ಯಾಟ್ ಪರೀಕ್ಷೆಯ ಇಂಗ್ಲಿಷ್ ವಿಭಾಗದಲ್ಲೂ, ಇತ್ತೀಚಿನ ವರ್ಷಗಳಲ್ಲಿ 40 ನಿಮಿಷಕ್ಕೆ ಬರುವ 24 ಪ್ರಶ್ನೆಗಳಲ್ಲಿ ಹೆಚ್ಚಿನವು ಗದ್ಯಭಾಗಗಳ ಮೇಲೆಯೇ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಜಿಆರ್‌ಇಯಲ್ಲಿ ಮೊದಲು ವಿರುದ್ಧಾರ್ಥಕ ಪದಗಳ ಪ್ರಶ್ನೆಗಳೂ ಪದಗಳ ನಡುವಿನ ಸಾದೃಶ್ಯದ ಪ್ರಶ್ನೆಗಳೂ ಇದ್ದವು. ಆಗ ಸಾವಿರಾರು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕೆ ಅರ್ಥವಿತ್ತು. 2011ರ ಆಗಸ್ಟಿನಲ್ಲಿ ಪರೀಕ್ಷೆಯನ್ನು ಪರಿಷ್ಕರಿಸಿದಾಗ ಆ ಎರಡೂ ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಿದರು. ಈಗ ಪದವೂ ವಾಕ್ಯದ ಒಳಗೇ ಬರುತ್ತದೆ. ವಾಕ್ಯದ ಓಟ ಹಿಡಿಯದೆ ಬಿಟ್ಟ ಸ್ಥಳವನ್ನು ತುಂಬಲಾಗದು. ಹೀಗಿದ್ದೂ ನಮ್ಮ ಹಾಸ್ಟೆಲಿನ ಮೇಜುಗಳ ಮೇಲೆ ಇಂದಿಗೂ ಕಾಣುವುದು ಪದಪಟ್ಟಿಯೇ. ಪರೀಕ್ಷೆ ಬದಲಾಯಿತು, ತಯಾರಿ ಬದಲಾಗಲಿಲ್ಲ.

ಗದ್ಯಭಾಗದ ಪ್ರಶ್ನೆಗಳನ್ನು ಬಿಡಿಸಿ ನೋಡಿದರೆ ಅವು ಕೆಲವೇ ಬಗೆಯವು. ಒಟ್ಟು ಭಾಗದ ತಿರುಳೇನು? ಹೇಳದೆ ಸೂಚಿಸಿರುವುದೇನು? ಈ ವಾಕ್ಯ ಇಲ್ಲಿ ಯಾವ ಕೆಲಸ ಮಾಡುತ್ತಿದೆ? ಲೇಖಕರ ಧೋರಣೆ ಏನು? ಯಾವ ಹೊಸ ಸಂಗತಿ ಈ ವಾದವನ್ನು ಬಲಪಡಿಸುತ್ತದೆ ಅಥವಾ ದುರ್ಬಲಗೊಳಿಸುತ್ತದೆ? ವಿಷಯಗಳು ಭೌತವಿಜ್ಞಾನ, ಜೀವವಿಜ್ಞಾನ, ಸಮಾಜ ವಿಜ್ಞಾನ, ವಾಣಿಜ್ಯ, ಕಲೆ ಹೀಗೆ ಎಲ್ಲ ಕಡೆಯಿಂದ ಬರುತ್ತವೆ. ಈ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ. ವೀಕ್ಷಣೆ, ಊಹೆ, ಆಧಾರ, ತೀರ್ಮಾನ: ಇವು ವಿಜ್ಞಾನ ಬೋಧನೆಯ ಗುರಿಗಳೆಂದು ನಾವು ಪ್ರತಿ ಪಾಠಯೋಜನೆಯಲ್ಲಿ ಬರೆಯುವವುಗಳೇ ಅಲ್ಲವೇ?

ಪರೀಕ್ಷಿಸುತ್ತೇವೆ, ಕಲಿಸುವುದಿಲ್ಲ

1978–79ರಲ್ಲಿ ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ ಪ್ರಕಟಿಸಿದ ಅಧ್ಯಯನವೊಂದು ಓದಿನ ಬೋಧನೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನಾಲ್ಕನೇ ತರಗತಿಯ ಓದಿನ ಅವಧಿಗಳನ್ನು 4,469 ನಿಮಿಷ ವೀಕ್ಷಿಸಿದಾಗ, ಗ್ರಹಿಕೆಯನ್ನು ನಿಜವಾಗಿ ಕಲಿಸಲು ಬಳಕೆಯಾಗಿದ್ದು 20 ನಿಮಿಷ ಮಾತ್ರ. ಹಾಗೆಂದು ಶಿಕ್ಷಕರು ಸುಮ್ಮನೆ ಕುಳಿತಿರಲಿಲ್ಲ. ಅವರು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಸರಿಯೋ ತಪ್ಪೋ ಹೇಳುತ್ತಿದ್ದರು, ಅಭ್ಯಾಸ ಹಾಳೆ ಕೊಡುತ್ತಿದ್ದರು. ಅಂದರೆ ಗ್ರಹಿಕೆಯನ್ನು ಪರೀಕ್ಷಿಸುತ್ತಿದ್ದರು. ಗ್ರಹಿಸುವುದು ಹೇಗೆಂದು ತೋರಿಸುತ್ತಿರಲಿಲ್ಲ.

ನಮ್ಮ ತರಗತಿಗಳಲ್ಲಿ ಇದು ಬೇರೆ ವೇಷದಲ್ಲಿದೆ. ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನಾನು ಸಹಪಾಠಿಗಳ ವಿಜ್ಞಾನ ಪಾಠಗಳನ್ನು ವೀಕ್ಷಿಸುವಾಗ ಪುಸ್ತಕದ ಅಂಚಿನಲ್ಲಿ ಒಂದು ಲೆಕ್ಕ ಇಡುತ್ತಿದ್ದೆ: ಈ 40 ನಿಮಿಷದಲ್ಲಿ ಮಕ್ಕಳು ಸ್ವತಃ ಓದಿದ್ದು ಎಷ್ಟು ಹೊತ್ತು? ಚಾರ್ಟು ಇತ್ತು, ಮಾದರಿ ಇತ್ತು, ಪ್ರಯೋಗ ಇತ್ತು, ಕಪ್ಪುಹಲಗೆಯ ಸಾರಾಂಶ ಇತ್ತು. ಪಠ್ಯಪುಸ್ತಕ ಮಾತ್ರ ಮಕ್ಕಳ ಚೀಲದಲ್ಲೇ ಇತ್ತು. ಹೊರಗೆ ಬಂದಾಗಲೂ ಬಂದದ್ದು ಉತ್ತರವಿರುವ ಸಾಲಿಗೆ ಗೆರೆ ಎಳೆಸಲು. ಹತ್ತನೇ ತರಗತಿಯಲ್ಲಂತೂ ಪಾಸಿಂಗ್ ಪ್ಯಾಕೇಜ್, ಪ್ರಶ್ನೆ ಬ್ಯಾಂಕ್, ಬರೆಸಿದ ನೋಟ್ಸು ಇವುಗಳ ನಡುವೆ ಪುಸ್ತಕ ತೆರೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಭಾಷಾ ಪತ್ರಿಕೆಯಲ್ಲಿ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ ಎನ್ನಬಹುದು. ಅಲ್ಲಿ ಸಾಮಾನ್ಯವಾಗಿ ಪ್ರಶ್ನೆಯಲ್ಲಿರುವ ಪದವನ್ನೇ ಗದ್ಯದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆದರೆ ಅಂಕ ಬರುತ್ತದೆ. ಇಡೀ ಭಾಗವನ್ನು ಅರ್ಥ ಮಾಡಿಕೊಳ್ಳದೆಯೇ ಪೂರ್ಣ ಅಂಕ ಪಡೆಯುವ ಜಾಣತನವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಪ್ರವೇಶ ಪರೀಕ್ಷೆಯಲ್ಲಿ ಕೈಕೊಡುವುದು ಈ ಜಾಣತನವೇ. ಅಲ್ಲಿ ಗದ್ಯದ ಪದವನ್ನೇ ಹೊತ್ತ ಆಯ್ಕೆ ಹೆಚ್ಚಾಗಿ ತಪ್ಪು ಉತ್ತರವಾಗಿರುತ್ತದೆ.

ಎಂಟು ನಿಮಿಷದ ಒಂದು ಉದಾಹರಣೆ

ಮಾತು ಒಣ ಉಪದೇಶವಾಗಬಾರದೆಂದು, ನಾನು ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ ಬಳಸಿದ ಗದ್ಯಭಾಗವನ್ನೇ ಇಲ್ಲಿ ಕೊಡುತ್ತೇನೆ. ಇದನ್ನು ನಾನೇ ಬರೆದು, ಬಿಳಿ ಹಾಳೆಯಲ್ಲಿ ಪ್ರತಿ ಮಾಡಿಸಿ, ಇಬ್ಬರಿಗೊಂದರಂತೆ ಹಂಚಿದ್ದೆ.

“ಹದಿನೇಳನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಒಂದು ಕುಂಡದಲ್ಲಿ ಸುಮಾರು 90 ಕಿಲೊ ಒಣ ಮಣ್ಣು ತುಂಬಿ, ಎರಡು ಕಿಲೊಗಿಂತ ತುಸು ಹೆಚ್ಚು ತೂಕದ ವಿಲೋ ಸಸಿಯೊಂದನ್ನು ನೆಟ್ಟನು. ಐದು ವರ್ಷ ಅದಕ್ಕೆ ನೀರನ್ನು ಮಾತ್ರ ಹಾಕಿದನು. ಕೊನೆಗೆ ಮರದ ತೂಕ ಸುಮಾರು 77 ಕಿಲೊ ಆಗಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದು 60 ಗ್ರಾಮಿಗಿಂತ ಕಡಿಮೆ. ಆದ್ದರಿಂದ ಮರದ ಕಾಂಡ, ತೊಗಟೆ, ಬೇರು ಎಲ್ಲವೂ ನೀರಿನಿಂದಲೇ ಆದವು ಎಂದು ಅವನು ತೀರ್ಮಾನಿಸಿದನು.”

ಕೇಳಿದ ಪ್ರಶ್ನೆಗಳು ನಾಲ್ಕು. ಒಂದು, ಈ ಭಾಗದ ತಿರುಳನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಹೇಳಿ. ಎರಡು, ಮಣ್ಣನ್ನು ಮತ್ತೆ ತೂಗಿದ ವಿಷಯವನ್ನು ಬರೆದವರು ಏಕೆ ಹೇಳಿದ್ದಾರೆ? ಆ ವಾಕ್ಯ ತೆಗೆದರೆ ಏನು ಹಾಳಾಗುತ್ತದೆ? ಮೂರು, ಈ ತೀರ್ಮಾನ ಸರಿಯಾಗಬೇಕಾದರೆ ಹೆಲ್ಮಾಂಟ್ ಬಾಯಿಬಿಟ್ಟು ಹೇಳದೆ ಯಾವುದನ್ನು ನಂಬಿರಬೇಕು? ನಾಲ್ಕು, ಯಾವ ಹೊಸ ಸಂಗತಿ ಗೊತ್ತಾದರೆ ಈ ತೀರ್ಮಾನ ಸಡಿಲವಾಗುತ್ತದೆ?

ಮೊದಲ ಪ್ರಶ್ನೆಗೆ ಹೆಚ್ಚಿನವರು ಕೊನೆಯ ವಾಕ್ಯವನ್ನು ಹಾಗೆಯೇ ಓದಿದರು. ಆಗ ನಾನು ಹಲಗೆಯ ಮೇಲೆ ‘ಮಾಡಿದ್ದು’, ‘ಕಂಡದ್ದು’, ‘ತೀರ್ಮಾನ’ ಎಂದು ಮೂರು ಕಲಮು ಎಳೆದು, ಪ್ರತಿ ವಾಕ್ಯ ಯಾವ ಕಲಮಿಗೆ ಸೇರುತ್ತದೆಂದು ಗಟ್ಟಿಯಾಗಿ ಯೋಚಿಸಿ ತೋರಿಸಿದೆ. ಕಲಿಸುವುದು ಎಂದರೆ ಈ ಹೆಜ್ಜೆ. ಇದನ್ನು ಬಿಟ್ಟರೆ ನಮ್ಮದೂ ಬರೀ ಪರೀಕ್ಷೆಯೇ ಆಗುತ್ತದೆ. ಮೂರನೇ ಪ್ರಶ್ನೆಗೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಬಳಿಕ ಹಿಂದಿನ ಬೆಂಚಿನಿಂದ ಒಬ್ಬಳು, “ಮಿಸ್, ಅವ್ರು ಗಾಳೀನ ಲೆಕ್ಕಕ್ಕೇ ತಗೊಂಡಿಲ್ವಲ್ಲ” ಎಂದಳು. ದ್ಯುತಿಸಂಶ್ಲೇಷಣೆಗೆ ಬೇರೆ ಪೀಠಿಕೆ ಬೇಕಾಗಲಿಲ್ಲ. ‘ಗ್ಯಾಸ್’ ಎಂಬ ಪದವನ್ನೇ ಬಳಕೆಗೆ ತಂದವನು ಇದೇ ಹೆಲ್ಮಾಂಟ್ ಎಂದು ಹೇಳಿದಾಗ ಮಕ್ಕಳಿಗೆ ಆದ ಮೋಜೇ ಬೇರೆ.

ಇದಕ್ಕೆ ಹಿಡಿದ ಸಮಯ ಎಂಟು ನಿಮಿಷ, ಪಾಠದಿಂದ ಹೊರಗಿನದೇನೂ ಅಲ್ಲ. ಈಗ ಆ ನಾಲ್ಕು ಪ್ರಶ್ನೆಗಳನ್ನು ಜಿಆರ್‌ಇಯ ಪ್ರಶ್ನೆ ಬಗೆಗಳ ಪಕ್ಕದಲ್ಲಿಟ್ಟು ನೋಡಿ. ತಿರುಳು, ವಾಕ್ಯದ ಕೆಲಸ, ಹೇಳದ ನಂಬಿಕೆ, ವಾದವನ್ನು ದುರ್ಬಲಗೊಳಿಸುವ ಸಂಗತಿ: ಎಲ್ಲವೂ ಅಲ್ಲಿವೆ.

ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಪರೀಕ್ಷೆಗೆ ಏನು ಲಾಭ?

ಸಹಜವಾಗಿ ಏಳುವ ಪ್ರಶ್ನೆ ಇದು. ಜಿಮ್ ಕಮ್ಮಿನ್ಸ್ 1979ರಲ್ಲಿ ಮಂಡಿಸಿದ ಭಾಷಾ ಪರಸ್ಪರಾವಲಂಬನೆಯ ವಿಚಾರವನ್ನು ನಾವು ಓದಿಯೇ ಇರುತ್ತೇವೆ. ಮೊದಲ ಭಾಷೆಯಲ್ಲಿ ಗಟ್ಟಿಯಾದ ಓದಿನ ಮತ್ತು ಯೋಚನೆಯ ಸಾಮರ್ಥ್ಯ, ಎರಡನೇ ಭಾಷೆಗೆ ಸಾಕಷ್ಟು ಒಡನಾಟ ಸಿಕ್ಕರೆ ಅಲ್ಲಿಗೂ ಹರಿಯುತ್ತದೆ ಎಂಬುದು ಅದರ ಸಾರ. ಆಧಾರವನ್ನೂ ತೀರ್ಮಾನವನ್ನೂ ಬೇರ್ಪಡಿಸಲು ಕನ್ನಡದಲ್ಲಿ ಕಲಿತವಳು ಇಂಗ್ಲಿಷಿನಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಿಲ್ಲ. ‘ಸಾಕಷ್ಟು ಒಡನಾಟ ಸಿಕ್ಕರೆ’ ಎಂಬ ಷರತ್ತನ್ನು ಮಾತ್ರ ಮರೆಯಬಾರದು. ಕನ್ನಡದಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಇಂಗ್ಲಿಷ್ ಪದಗಳು ತಾವಾಗಿ ಬರುವುದಿಲ್ಲ.

ಹಾಗೆಯೇ ಎರಡು ಭಾಷೆಗಳ ವಾಕ್ಯದ ಕಟ್ಟು ಬೇರೆ ಎಂಬುದನ್ನೂ ಕಲಿಸಬೇಕು. ಕನ್ನಡದಲ್ಲಿ ವಿವರಗಳೆಲ್ಲ ಮೊದಲು ಬಂದು ಕ್ರಿಯಾಪದ ಕೊನೆಗೆ ಬರುತ್ತದೆ. ‘ಕುಂಡದಲ್ಲಿ ಸಸಿ ನೆಟ್ಟ ವಿಜ್ಞಾನಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ವಿಜ್ಞಾನಿ ಮೊದಲು ಬಂದು, ‘ಹೂ’ ಎಂಬ ಕೊಂಡಿಯ ಹಿಂದೆ ನೆಟ್ಟ ವಿವರ ಬರುತ್ತದೆ. ಮುಖ್ಯ ಮಾತು ಮುಂದೆ ಹೋಗಿ, ‘ಆಲ್ದೋ’, ‘ಅನ್‌ಲೆಸ್’, ‘ಡಿಸ್ಪೈಟ್’ಗಳಿಂದ ಶುರುವಾಗುವ ಷರತ್ತು ಹಿಂದಿನಿಂದ ಬರುವುದೂ ಉಂಟು. ಕೊನೆಯವರೆಗೆ ಕಾಯುವ ಅಭ್ಯಾಸವಿರುವ ನಮ್ಮ ಕಣ್ಣು ಮಧ್ಯದಲ್ಲೇ ದಾರಿ ತಪ್ಪುವುದು ಇಲ್ಲಿ. ಸಂಜೆಯ ಗುಂಪು ಓದಿನಲ್ಲಿ ನಾವು ಮೂವರು ಮಾಡಿಕೊಂಡಿರುವ ಉಪಾಯ ಸರಳ. ಉದ್ದದ ಇಂಗ್ಲಿಷ್ ವಾಕ್ಯದಲ್ಲಿ ಮೊದಲು ಯಾರು, ಏನು ಮಾಡಿದರು ಎಂಬೆರಡನ್ನು ಹುಡುಕುವುದು. ಆಮೇಲೆ ಇಡೀ ವಾಕ್ಯವನ್ನು ಮೂರು ಚಿಕ್ಕ ಕನ್ನಡ ವಾಕ್ಯಗಳಲ್ಲಿ ಪಕ್ಕದವಳಿಗೆ ಹೇಳುವುದು. ಅನುವಾದ ಬೇಡ, ತಿರುಳು ಸಾಕು. ತಿರುಳು ಹೇಳಲು ಬಾರದಿದ್ದರೆ ವಾಕ್ಯ ಅರ್ಥವಾಗಿಲ್ಲವೆಂದು ಅಲ್ಲೇ ತಿಳಿದುಬಿಡುತ್ತದೆ.

ತಯಾರಿ ನಡೆಸುತ್ತಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ

ಪರೀಕ್ಷೆಗೆ ಕೆಲವೇ ತಿಂಗಳಿರುವವರು ಶಾಲೆ ಬದಲಾಗಲೆಂದು ಕಾಯಲಾಗದು. ಅವರಿಗೂ ಬಿ.ಇಡಿ. ಪಠ್ಯದಲ್ಲೇ ಸಾಧನಗಳಿವೆ.

ಮೊದಲನೆಯದು, ಪ್ಯಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ ಪರಸ್ಪರ ಬೋಧನೆ. ಸಾರಾಂಶ ಹೇಳುವುದು, ಪ್ರಶ್ನೆ ರಚಿಸುವುದು, ತೊಡಕನ್ನು ಬಿಡಿಸುವುದು, ಮುಂದೇನು ಬರಬಹುದೆಂದು ಊಹಿಸುವುದು: ಈ ನಾಲ್ಕನ್ನು ಗುಂಪಿನಲ್ಲಿ ಸರದಿಯ ಮೇಲೆ ಮಾಡುವ ವಿಧಾನ. ಮೂರು ನಾಲ್ಕು ಜನರ ಹಾಸ್ಟೆಲ್ ಗುಂಪಿಗೆ ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ.

ಎರಡನೆಯದು, ಬಹುಆಯ್ಕೆ ಪ್ರಶ್ನೆ ರಚನೆ. ಮೌಲ್ಯಮಾಪನ ಪತ್ರಿಕೆಯಲ್ಲಿ ಒಳ್ಳೆಯ ವಿಚಲಕಗಳನ್ನು ಬರೆಯುವುದು ಹೇಗೆಂದು ಕಲಿಯುತ್ತೇವೆ. ಅದನ್ನು ಇಲ್ಲಿ ಬಳಸಿ. ಒಂದು ಇಂಗ್ಲಿಷ್ ಪ್ಯಾರಾ ತೆಗೆದುಕೊಂಡು ಅದಕ್ಕೆ ಒಂದು ಸರಿ ಉತ್ತರ, ಮೂರು ತಪ್ಪು ಉತ್ತರ ಬರೆದು ಸ್ನೇಹಿತರಿಗೆ ಕೊಡಿ. ತಪ್ಪು ಉತ್ತರಗಳು ಸಾಮಾನ್ಯವಾಗಿ ನಾಲ್ಕು ಜಾತಿಯವು ಎಂದು ಆಗ ಗೊತ್ತಾಗುತ್ತದೆ: ‘ಯಾವಾಗಲೂ’, ‘ಮಾತ್ರ’ ಎಂದು ಅತಿಯಾಗಿ ಹೇಳುವುದು, ಲೋಕದಲ್ಲಿ ನಿಜವಾದರೂ ಗದ್ಯದಲ್ಲಿ ಇಲ್ಲದ್ದು, ಅರ್ಧ ಸರಿ, ಅರ್ಧ ತಪ್ಪು, ಕಾರಣ ಮತ್ತು ಪರಿಣಾಮವನ್ನು ತಿರುಗಿಸಿಟ್ಟದ್ದು. ವಿಜ್ಞಾನದವರು ಹೆಚ್ಚು ಬೀಳುವುದು ಎರಡನೆಯ ಬಗೆಗೆ. ನಮಗೆ ವಿಷಯ ಗೊತ್ತಿರುವುದರಿಂದ ಗದ್ಯ ಹೇಳದ್ದನ್ನೂ ನಾವೇ ಸೇರಿಸಿಕೊಳ್ಳುತ್ತೇವೆ.

ಮೂರನೆಯದು, ವಿಶಾಲವಾದ ಓದು. ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇಸ್‌ಬಾಲ್ ಆಟದ ಬಗೆಗಿನ ಗದ್ಯವನ್ನು ಮಕ್ಕಳಿಗೆ ಓದಲು ಕೊಟ್ಟಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ತಿಳಿದಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದರು. ಹೊರಗಿನ ಜ್ಞಾನ ಬೇಕಿಲ್ಲವೆಂದು ಪರೀಕ್ಷೆ ಹೇಳಿದರೂ, ಪರಿಚಿತ ಲೋಕದ ಗದ್ಯ ಬೇಗ ಒಳಗಿಳಿಯುತ್ತದೆ. ಆದ್ದರಿಂದ ನಮ್ಮ ವಿಷಯದ ಹೊರಗೆ, ಚರಿತ್ರೆ, ಚಿತ್ರಕಲೆ, ಅರ್ಥಶಾಸ್ತ್ರದ ಬಗ್ಗೆ ದಿನಕ್ಕೆ ಒಂದು ಇಂಗ್ಲಿಷ್ ಲೇಖನ ಓದಿ, ಎರಡು ಸಾಲು ಬರೆದಿಡಬೇಕು. ಹೊಸ ಪದವನ್ನೂ ಅದು ಬಂದ ವಾಕ್ಯದ ಸಮೇತ ಬರೆದುಕೊಳ್ಳಬೇಕು. ಪಟ್ಟಿಯ ಪದ ಮರೆತುಹೋಗುತ್ತದೆ. ವಾಕ್ಯದೊಳಗಿನ ಪದ ಉಳಿಯುತ್ತದೆ. ಗಡಿಯಾರವನ್ನು ಕೊನೆಯ ತಿಂಗಳಲ್ಲಿ ತಂದರೆ ಸಾಕು. ಅರ್ಥವಾಗದ್ದನ್ನು ವೇಗವಾಗಿ ಓದಿ ಪ್ರಯೋಜನವಿಲ್ಲ.

ಎರಡು ಆಕ್ಷೇಪಗಳು

‘ಪಠ್ಯ ಮುಗಿಸುವುದೇ ಕಷ್ಟ, ಓದಿಸಲು ಸಮಯವೆಲ್ಲಿ?’ ಎಂದು ಮಾರ್ಗದರ್ಶಕ ಶಿಕ್ಷಕರೊಬ್ಬರು ನನ್ನನ್ನು ಕೇಳಿದರು. ಐವತ್ತು, ಅರವತ್ತು ಮಕ್ಕಳ ತರಗತಿಯನ್ನು ವರ್ಷವಿಡೀ ನಡೆಸುವವರ ಮಾತಿದು. ನಲವತ್ತು ಪಾಠ ಮಾಡಿ ಬರುವ ನಾವು ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಓದನ್ನು ಹೊಸದಾಗಿ ಸೇರಿಸಬೇಕಿಲ್ಲ. ನೋಟ್ಸು ಬರೆಸುವ ಹತ್ತು ನಿಮಿಷಗಳಲ್ಲಿ ಎಂಟನ್ನು ವಾರಕ್ಕೊಂದು ಬಾರಿ ಓದಿಗೆ ಕೊಟ್ಟರೆ ಸಾಕು. ಮಕ್ಕಳು ತಾವೇ ಓದಿ ಅರ್ಥಮಾಡಿಕೊಂಡ ಭಾಗಕ್ಕೆ ನೋಟ್ಸೂ ಕಡಿಮೆಯೇ ಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸರ್ಕಾರಿ ಶಾಲೆಯ ಮಗುವಿಗೂ ಜಿಆರ್‌ಇಗೂ ಏನು ಸಂಬಂಧ? ದುಬಾರಿ ಶುಲ್ಕದ ಪರೀಕ್ಷೆಗಾಗಿ ಶಾಲೆಯನ್ನು ಏಕೆ ತಿದ್ದಬೇಕು? ಪರೀಕ್ಷೆಗಾಗಿ ತಿದ್ದಬೇಕೆಂದು ನಾನೂ ಹೇಳುವುದಿಲ್ಲ. ಆ ತರಗತಿಯ ಬಹುಪಾಲು ಮಕ್ಕಳು ಆ ಪರೀಕ್ಷೆಯನ್ನು ಬರೆಯದೇ ಇರಬಹುದು. ಆದರೆ ಬೆಳೆ ವಿಮೆಯ ಷರತ್ತು, ಬ್ಯಾಂಕಿನ ಸಾಲ ಪತ್ರ, ಔಷಧದ ಡಬ್ಬಿಯ ಚೀಟಿ, ವಾಟ್ಸ್‌ಆ್ಯಪಿನಲ್ಲಿ ಬರುವ ಆರೋಗ್ಯ ಸಲಹೆ ಇವನ್ನು ಎಲ್ಲರೂ ಓದಲೇಬೇಕು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಇದಕ್ಕೆ ಆಧಾರವೇನು, ಇದರಲ್ಲಿ ಹೇಳದೆ ಬಿಟ್ಟದ್ದೇನು? ಇನ್ನು ಆ ಪರೀಕ್ಷೆ ಬರೆಯಬಯಸುವ ಒಬ್ಬಳು ಆ ಬೆಂಚಿನಲ್ಲಿದ್ದರೆ, ಕೋಚಿಂಗ್‌ಗೆ ಹಣವಿಲ್ಲದ ಅವಳಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಹಣವಿರುವವರು ಹೇಗೋ ಕಲಿತುಕೊಳ್ಳುತ್ತಾರೆ.

ಪಾಠಯೋಜನೆಯಲ್ಲಿ ಒಂದು ಸಾಲು

ಇಂಗ್ಲೆಂಡಿನ ಬುಲಕ್ ವರದಿ 1975ರಲ್ಲಿಯೇ ಭಾಷೆ ಎಲ್ಲ ವಿಷಯ ಶಿಕ್ಷಕರ ಹೊಣೆ ಎಂದಿತು. ನಮ್ಮಲ್ಲಿ ಎನ್‌ಸಿಟಿಇ 2014ರ ನಿಯಮಾವಳಿಯ ಬಳಿಕ ಬಂದ ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದಲ್ಲಿ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆಯೂ, ಪಠ್ಯಗಳನ್ನು ಓದಿ ಚಿಂತಿಸುವ ಪ್ರಾಯೋಗಿಕ ಕೋರ್ಸೂ ಸೇರಿದವು. ಅದರ ಮೇಲೆ ನಾವು ಪರೀಕ್ಷೆ ಬರೆದು ಅಂಕ ಪಡೆಯುತ್ತೇವೆ. ಮರುದಿನ ಅಭ್ಯಾಸ ಪಾಠಕ್ಕೆ ಹೋಗುವಾಗ ಪಾಠಯೋಜನೆಯಲ್ಲಿ ಅದರ ಸುಳಿವೂ ಇರುವುದಿಲ್ಲ, ಏಕೆಂದರೆ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ನಮೂನೆಯಲ್ಲಿ ಇಲ್ಲದ್ದನ್ನು ಯಾರೂ ಮಾಡುವುದಿಲ್ಲ, ವೀಕ್ಷಕರು ಕೇಳುವುದೂ ಇಲ್ಲ.

ಆದ್ದರಿಂದ ನಮ್ಮ ಬೋಧಕ ವರ್ಗದವರಲ್ಲಿ ನನ್ನ ಕೋರಿಕೆ ಇಷ್ಟು. ಐದು ‘ಇ’ಗಳ ಪಾಠಯೋಜನೆಯಲ್ಲಿ ಬೋಧನೋಪಕರಣಗಳ ಕೆಳಗೆ ಒಂದು ಸಾಲು ಸೇರಲಿ: ‘ಈ ಪಾಠದಲ್ಲಿ ವಿದ್ಯಾರ್ಥಿ ತಾನೇ ಓದುವ ಭಾಗ ಮತ್ತು ಅದರ ಮೇಲಿನ ಎರಡು ಪ್ರಶ್ನೆಗಳು’. ಪ್ರತಿ ಪಾಠಕ್ಕೆ ಕಡ್ಡಾಯ ಬೇಡ. ಐದರಲ್ಲಿ ಒಂದು ಪಾಠಕ್ಕೆ ಇದ್ದರೂ ಆದೀತು. ವೀಕ್ಷಣಾ ಪುಸ್ತಕದಲ್ಲಿ ಅದಕ್ಕೊಂದು ಅಂಶ ಇರಲಿ: ಶಿಕ್ಷಕರು ಓದುವ ಕ್ರಮವನ್ನು ತೋರಿಸಿದರೇ, ಪ್ರಶ್ನೆಯನ್ನಷ್ಟೇ ಕೇಳಿದರೇ? ಗದ್ಯಭಾಗಗಳಿಗೆ ಕೊರತೆಯಿಲ್ಲ. ಪಠ್ಯಪುಸ್ತಕವೇ ಇದೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳಿವೆ, ನಾವೇ ಬರೆಯಲೂಬಹುದು. ಪ್ರತಿ ಪ್ರಶಿಕ್ಷಣಾರ್ಥಿ ಎರಡೆರಡು ಬರೆದು ವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿಟ್ಟರೆ, ಮುಂದಿನ ತಂಡ ಇಂಟರ್ನ್‌ಶಿಪ್‌ಗೆ ಹೊರಡುವ ಹೊತ್ತಿಗೆ ಒಂದು ದಪ್ಪ ಕಡತ ಸಿದ್ಧವಾಗಿರುತ್ತದೆ. ನನ್ನ ಪಾಲಿನ ಎರಡನ್ನು ಈ ಲೇಖನದ ಜೊತೆಗೇ ವಿಧಾನ ಬೋಧಕರಿಗೆ ಕೊಟ್ಟಿದ್ದೇನೆ.